ಹೊಸ್ತಿಲು ದಾಟಿದ ಸ್ಮೋಕಿ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ನಾಯಿಗೆ ಜಗಲಿಯವರೆಗೆ ಮಾತ್ರ ಸಲಿಗೆ. ಅಜ್ಜಿ ಅನ್ನ ಹಾಕುತ್ತಿದ್ದುದು ಅಂಗಳದಲ್ಲಿ. ಹೊಸ್ತಿಲೊಳಗೆ ಮೂತಿ ಚಾಚಿದರೆ ‘ಹಚಾ’ ಎಂಬ ಒಂದೇ ಮಾತು. ಹಾಗೆ ಬೆಳೆದ ನಾನು ಈಗ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ವಯಸ್ಸಾದವರ ಆರೈಕೆ ಕೇಂದ್ರವೊಂದಕ್ಕೆ ಪ್ರತಿ ಗುರುವಾರ ನಮ್ಮ ನಾಯಿ ಕಾಳನನ್ನು ಕರೆದುಕೊಂಡು ಹೋಗುತ್ತೇನೆ. ಅವನು ಮಂಚದ ಅಂಚಿಗೆ ಗದ್ದ ಊರಿ ನಿಂತರೆ ನಡುಗುವ ಕೈಗಳು ತಾವಾಗಿ ಅವನ ತಲೆಗೆ ಬರುತ್ತವೆ. ರೋಗಿಯ ಕೋಣೆಯೊಳಕ್ಕೆ ನಾಯಿಯನ್ನು ಬಿಡಬಹುದು ಎಂದು ಯಾರಿಗೆ ಹೊಳೆಯಿತು ಎಂದು ಹುಡುಕಿದಾಗ, ಆ ಕಥೆಯ ಒಂದು ತುದಿ ಇದೇ ಊರಿನಲ್ಲಿ ಸಿಕ್ಕಿತು.

1944ರಲ್ಲಿ ನ್ಯೂಗಿನಿಯ ಕಾಡಿನ ಪಾಳು ಕಂದಕವೊಂದರಲ್ಲಿ ಅಮೆರಿಕದ ಸೈನಿಕನೊಬ್ಬನಿಗೆ ಪುಟ್ಟ ಯಾರ್ಕ್‌ಷೈರ್ ಟೆರಿಯರ್ ಸಿಕ್ಕಿತು. ಕ್ಲೀವ್‌ಲ್ಯಾಂಡಿನ ಕಾರ್ಪೊರಲ್ ವಿಲಿಯಂ ವಿನ್ ಅದನ್ನು ಎರಡು ಆಸ್ಟ್ರೇಲಿಯನ್ ಪೌಂಡ್ ಕೊಟ್ಟು ಕೊಂಡ. ಹೆಸರು ಸ್ಮೋಕಿ, ತೂಕ ಎರಡು ಕಿಲೋಗೂ ಕಡಿಮೆ. ಸೇನೆಯ ಅಧಿಕೃತ ನಾಯಿಯಲ್ಲದ್ದರಿಂದ ಅವಳಿಗೆ ಪಡಿ ಇರಲಿಲ್ಲ. ವಿನ್ ತನ್ನ ಡಬ್ಬಿ ಊಟದಲ್ಲೇ ಪಾಲು ಕೊಡುತ್ತಿದ್ದ. ಅವನು ಡೆಂಗಿ ಜ್ವರದಿಂದ ಸೇನಾ ಆಸ್ಪತ್ರೆ ಸೇರಿದಾಗ ಗೆಳೆಯರು ಸ್ಮೋಕಿಯನ್ನು ತಂದು ತೋರಿಸಿದರು. ಬಿಯಾಕ್ ದ್ವೀಪದ ಕಾಳಗದಲ್ಲಿ ಗಾಯಗೊಂಡವರನ್ನು ಆಗ ಅಲ್ಲಿಗೆ ತರುತ್ತಿದ್ದರು. ಅವರ ಬಳಿಗೂ ಇವಳನ್ನು ಒಯ್ಯೋಣವೆಂದು ನರ್ಸ್‌ಗಳಿಗೆ ಅನಿಸಿತು. ಆಸ್ಪತ್ರೆಯ ಮುಖ್ಯಸ್ಥರು ಮೇಯೊ ಕ್ಲಿನಿಕ್‌ ಮನೆತನದ ಡಾ. ಚಾರ್ಲ್ಸ್ ಮೇಯೊ. ಅವರು ಬೇಡ ಎನ್ನಲಿಲ್ಲ. ರಾತ್ರಿ ವಿನ್‌ನ ಹಾಸಿಗೆಯಲ್ಲಿ ನಿದ್ದೆ, ಹಗಲೆಲ್ಲ ವಾರ್ಡುಗಳ ಸುತ್ತು: ಐದು ದಿನ ಹೀಗೇ ನಡೆಯಿತು. ಯುದ್ಧ ಮುಗಿದ ಮೇಲೂ ಅವಳು ಆಸ್ಪತ್ರೆಗಳಿಗೆ ಹೋಗುತ್ತಲೇ ಇದ್ದಳು. 1957ರಲ್ಲಿ ತೀರಿಕೊಂಡಳು.

ದಾಖಲೆಗೆ ಸಿಗುವ ಮೊದಲ ಥೆರಪಿ ನಾಯಿ ಇವಳೇ ಎಂದು ಹಲವರು ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಮೇಯೊ ಅವರ ಒಪ್ಪಿಗೆ. ಶುಚಿತ್ವದ ನೆಪ ಒಡ್ಡಿ ತಡೆಯುವುದು ಅವರಿಗೆ ಎಷ್ಟು ಸುಲಭವಿತ್ತು!

ಮುಂದೆ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್, ಮೌನ ತಾಳಿದ ಮಗುವೊಂದು ತಮ್ಮ ನಾಯಿ ಜಿಂಗಲ್ಸ್‌ ಜೊತೆ ಬೆರೆತದ್ದನ್ನು ಕಂಡು, ನಾಯಿಯೂ ಚಿಕಿತ್ಸೆಯಲ್ಲಿ ಜೊತೆಗಾರ ಎಂದು 1962ರಲ್ಲಿ ಬರೆದರು. ಇಂಗ್ಲೆಂಡಿನಲ್ಲಿ ದುಡಿದಿದ್ದ ನರ್ಸ್ ಎಲೇನ್ ಸ್ಮಿತ್, ಅಲ್ಲಿ ಪಾದ್ರಿಯೊಬ್ಬರ ಗೋಲ್ಡನ್ ರಿಟ್ರೀವರ್ ಬಂದಾಗ ರೋಗಿಗಳ ಮುಖ ಅರಳುವುದನ್ನು ನೋಡಿದ್ದರು. 1976ರಲ್ಲಿ ಅವರು ನ್ಯೂಜರ್ಸಿಯಲ್ಲಿ ‘ಥೆರಪಿ ಡಾಗ್ಸ್ ಇಂಟರ್‌ನ್ಯಾಷನಲ್’ ಕಟ್ಟಿದರು. ನನ್ನಂಥ ಮನೆಮಂದಿ ತಮ್ಮ ಸಾಕುನಾಯಿಯೊಂದಿಗೆ ಸ್ವಯಂಸೇವಕರಾಗಲು ದಾರಿಯಾದದ್ದು ಇಂಥ ಸಂಸ್ಥೆಗಳಿಂದ.

ಜೊತೆಗೆ ಪರೀಕ್ಷೆಯೂ ಬಂತು. ನಾಯಿಗೆ ವರ್ಷ ತುಂಬಿರಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು. ಗಾಲಿಕುರ್ಚಿ ಪಕ್ಕದಲ್ಲೇ ಹಾದರೂ, ಬೆನ್ನ ಹಿಂದೆ ಏನೋ ಧಡ್ ಎಂದು ಬಿದ್ದರೂ ಬೆದರಬಾರದು. ನೆಲದ ಮೇಲಿನ ತಿಂಡಿಗೆ ಬಾಯಿ ಹಾಕುವಂತಿಲ್ಲ, ಏಕೆಂದರೆ ರೋಗಿಯ ಮಾತ್ರೆ ಬಿದ್ದಿರಬಹುದು. ಕಾಳ ಮೊದಲ ಸಲ ಬಿಸ್ಕತ್ತು ಕಚ್ಚಿ ಅನುತ್ತೀರ್ಣನಾದ. ಮೂರು ತಿಂಗಳು ಅಡುಗೆಮನೆಯಲ್ಲಿ ದೋಸೆ ಚೂರು ಬೀಳಿಸಿ ‘ಬೇಡ’ ಎಂದು ಕಲಿಸಿದೆ. ಬಾಗಿಲಲ್ಲಿ ಕಾಯುವುದನ್ನೂ ಕಲಿಸಿದೆ. ಅಪರಿಚಿತರು ಮುಟ್ಟಿದರೆ ಮುದುಡುವ ನಾಯಿಯನ್ನು ಮಾತ್ರ ಈ ಕೆಲಸಕ್ಕೆ ಎಳೆಯಬಾರದು. ಅದು ಅನ್ಯಾಯ.

ಇಲ್ಲೇ ಪಕ್ಕದ ಲೇಕ್‌ವುಡ್ಡಿನ ಉದ್ಯಾನದಲ್ಲಿ ಸ್ಮೋಕಿಯ ಸ್ಮಾರಕವಿದೆ, 2005ರದ್ದು. ಸೈನಿಕನ ಶಿರಸ್ತ್ರಾಣದೊಳಗೆ ಕೂತ ಕಂಚಿನ ನಾಯಿ. ಮೊದಲ ಭೇಟಿಯ ಬೆಳಿಗ್ಗೆ ಕಾಳನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಮಧ್ಯಾಹ್ನ ಆರೈಕೆ ಕೇಂದ್ರದ ಮೊದಲ ಕೋಣೆಯ ಬಾಗಿಲಲ್ಲಿ, ಕಲಿಸಿದಂತೆಯೇ, ಅವನು ನಿಂತ. ಕತ್ತೆತ್ತಿ ನನ್ನನ್ನೇ ನೋಡಿದ.

‘ಬಾರೋ, ಒಳಗೆ ಬಾ’ ಎಂದೆ.