ಮಾತಿನ ಮಗು ತೆತ್ಸುಕೊ

ಮಾತಾಳಿ ಮಗುವಿಗೆ ನಮ್ಮ ಶಾಲೆಗಳು ಕಲಿಸುವ ಮೊದಲ ಪಾಠ ‘ಸುಮ್ಮನೆ ಕೂಡು’ ಎಂಬುದು. ಮೂರು ದಶಕಕ್ಕೂ ಮಿಕ್ಕು ಕನ್ನಡ ಪಾಠ ಹೇಳಿದ ನಾನೂ ಈ ಮಂತ್ರವನ್ನು ಜಪಿಸಿದವನೇ. ಜಪಾನಿನ ದೂರದರ್ಶನದ ಹಿರಿಯ ಕಲಾವಿದೆ ತೆತ್ಸುಕೊ ಕುರೊಯಾನಾಗಿಯವರ ಬದುಕಿನ ಮುಂದೆ ನನಗೆ ಸಂಕೋಚವಾಗುವುದು ಅದರಿಂದಲೇ.

1933ರಲ್ಲಿ ಟೋಕಿಯೋದ ಪಿಟೀಲು ವಾದಕರೊಬ್ಬರ ಮಗಳಾಗಿ ಹುಟ್ಟಿದ ಆಕೆ ಒಂದನೆಯ ತರಗತಿಯಲ್ಲಿಯೇ ಶಾಲೆಯಿಂದ ಹೊರದೂಡಲ್ಪಟ್ಟವರು. ಅಪರಾಧವಾದರೂ ಏನು? ಮೇಜಿನ ಮುಚ್ಚಳವನ್ನು ಮತ್ತೆ ಮತ್ತೆ ತೆರೆದು ಮುಚ್ಚಿದ್ದು. ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕೂಗಿ ಕರೆದದ್ದು! ತಾಯಿ ಮಗಳನ್ನು ತೊಮೊಎ ಎಂಬ ಬೇರೊಂದು ಶಾಲೆಗೆ ಕರೆದೊಯ್ದರು. ಹಳೆಯ ರೈಲುಡಬ್ಬಿಗಳೇ ಅಲ್ಲಿಯ ತರಗತಿಗಳು. ಮುಖ್ಯೋಪಾಧ್ಯಾಯ ಸೊಸಾಕು ಕೊಬಯಾಶಿ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಮನಸ್ಸಿಗೆ ಬಂದುದನ್ನೆಲ್ಲ ಹೇಳೆಂದರು. ಮಗು ಹೇಳಿತು, ಅವರು ನಾಲ್ಕು ಗಂಟೆಗಳ ಕಾಲ ಕೇಳಿದರು. ಒಮ್ಮೆಯೂ ಆಕಳಿಸಲಿಲ್ಲವಂತೆ. ಇಡೀ ವೃತ್ತಿಜೀವನದಲ್ಲಿ ನಾನು ಒಬ್ಬ ವಿದ್ಯಾರ್ಥಿಗೂ ಅಷ್ಟು ಹೊತ್ತು ಕಿವಿಗೊಟ್ಟುದಿಲ್ಲ. 1945ರ ಬಾಂಬುದಾಳಿಯಲ್ಲಿ ಆ ಶಾಲೆ ಸುಟ್ಟುಹೋಯಿತು.

ಜಪಾನಿನಲ್ಲಿ ದೂರದರ್ಶನ ಪ್ರಸಾರ ಮೊದಲಾದ 1953ರಲ್ಲಿಯೇ ತೆತ್ಸುಕೊ ಪ್ರಸಾರಸಂಸ್ಥೆಯ ನಟವರ್ಗವನ್ನು ಸೇರಿದರು. ಅಲ್ಲಿಯೂ ಅದೇ ದೂರು: ಮಾತಿನ ಧಾಟಿ ವಿಚಿತ್ರ, ತಿದ್ದಿಕೊಳ್ಳಬೇಕು. ಆಗ ಕೈಹಿಡಿದವರು ನಾಟಕಕಾರ ತದಾಸು ಇಜಾವಾ. 1954ರಲ್ಲಿ ಆರಂಭವಾದ ಅವರ ಮಕ್ಕಳ ರೇಡಿಯೋ ನಾಟಕದಲ್ಲಿ ಒಂದು ಮರಿಕೋತಿಯ ದನಿಗೆ ಆಕೆಯನ್ನು ಆರಿಸಿ, ಏನನ್ನೂ ತಿದ್ದಿಕೊಳ್ಳಬೇಡವೆಂದರು. ಚೀನಾದಿಂದ ಭಾರತಕ್ಕೆ ಮರಳಹೊರಟ ಮೂರು ಬಿಳಿಯ ಕೋತಿಗಳ ಕಥೆಯದು! ತೆಗಳಿಸಿಕೊಂಡ ದನಿಯೇ ಮನೆಮಾತಾಯಿತು.

ಮುಂದಿನ ಕೀರ್ತಿಯ ವಿವರಗಳನ್ನು ಬೆಳೆಸುವುದಿಲ್ಲ. 1976ರ ಫೆಬ್ರವರಿ 2ರಂದು ‘ತೆತ್ಸುಕೊ ಅವರ ಕೋಣೆ’ ಎಂಬ ಸಂವಾದ ಕಾರ್ಯಕ್ರಮ ಆರಂಭವಾಯಿತು. 2015ರಲ್ಲಿ ಅದು ಹತ್ತು ಸಾವಿರ ಕಂತುಗಳನ್ನು ಮುಟ್ಟಿತು. ಅಷ್ಟಕ್ಕೂ ನಿರೂಪಕಿ ಆಕೆಯೊಬ್ಬರೇ. ಅತಿಥಿಯ ವಿಷಯವನ್ನು ಮೊದಲೇ ಅಭ್ಯಸಿಸಿ, ಕೈಬರಹದ ಟಿಪ್ಪಣಿಗಳೊಡನೆ ಎದುರು ಕೂಡುವುದು ಆಕೆಯ ಪದ್ಧತಿ. ಆಡಿದ ಮಾತಿಗೆ ಕತ್ತರಿ ಹಾಕಬಾರದೆಂಬುದು ಆಕೆಯ ಹಟ. ಬರಿಯ ವಾಚಾಳಿತನದಿಂದ ಇಂಥದು ಸಾಧ್ಯವೆ? ಈ ಕೋಣೆಯ ಆಸನದಲ್ಲಿ ನನಗೆ ಕೊಬಯಾಶಿಯವರ ಕುರ್ಚಿಯೇ ಕಾಣುತ್ತದೆ.

ಆ ಗುರುವಿನ ನೆನಪಿಗಾಗಿ ಆಕೆ ಬರೆದ ‘ತೊತ್ತೋಚಾನ್’ 1981ರಲ್ಲಿ ಪ್ರಕಟವಾಯಿತು, ಕನ್ನಡಕ್ಕೂ ಬಂದಿದೆ. ಅದರಿಂದ ಬಂದ ಗೌರವಧನದಲ್ಲಿ ಆಕೆ ಒಂದು ಪ್ರತಿಷ್ಠಾನವನ್ನು ಕಟ್ಟಿದರು. ಕಿವಿ ಕೇಳದ ನಟರು ಕೈಸನ್ನೆಯಲ್ಲಿ ನಾಟಕವಾಡುವ ತಂಡವೊಂದಕ್ಕೆ ಆಸರೆಯಾದುದು ಆ ಹಣವೇ.