ಸಂತ ಬೊನವೆಂಚರರ ಹುಟ್ಟೂರು ಚಿವಿತಾ

ಒಂದು ದೇವಾಲಯಕ್ಕೆ ನೂರು ವರ್ಷ ತುಂಬಿದಾಗ ಅದರ ಗೋಡೆಗೋಪುರಗಳ ವಯಸ್ಸನ್ನು ಎಣಿಸುವುದು ಸಹಜ. ಆದರೆ ಕಲ್ಲು ಕದಲಿದ ಮೇಲೂ ಭಕ್ತಸಮುದಾಯ ಉಳಿಯುವ ಬಗೆಯನ್ನು ಅರಿಯಬೇಕಾದರೆ, ಇಟಲಿ ದೇಶದ ಚಿವಿತಾ ದಿ ಬಾನ್ಯೊರೆಜೊ ಎಂಬ ಪುಟ್ಟ ಗ್ರಾಮದ ಚರಿತ್ರೆಯತ್ತ ನಾವು ಕಣ್ಣು ಹಾಯಿಸಬೇಕು.

ರೋಮ್ ನಗರದ ಉತ್ತರಕ್ಕೆ, ವಿತೆರ್ಬೊ ಪ್ರಾಂತದಲ್ಲಿರುವ ಈ ಗ್ರಾಮವನ್ನು ಒಂದೇ ದಿನದಲ್ಲಿ ನೋಡಿ ಹಿಂದಿರುಗಬಹುದು. ಓರ್ವಿಯೆತೊ ಪಟ್ಟಣದಿಂದ ಬಸ್ಸಿನಲ್ಲಿ ಬಾನ್ಯೊರೆಜೊ ತಲುಪಿದ ಬಳಿಕ, 1965ರಲ್ಲಿ ಕಟ್ಟಿದ ಕಾಲುಸೇತುವೆಯ ಮೇಲೆ ನಡೆದೇ ಬೆಟ್ಟವೇರಬೇಕು. ಮೇಲೆ ಜ್ವಾಲಾಮುಖಿಯ ಬೂದಿ ಗಟ್ಟಿಗೊಂಡು ಆದ ಕಲ್ಲು; ಅದರಡಿ ಮೆದುವಾದ ಜೇಡಿಮಣ್ಣು. ಮಳೆಯೂ ತೊರೆಗಳೂ ಜೇಡಿಯನ್ನು ಕೊರೆದಂತೆಲ್ಲ ಆಧಾರ ತಪ್ಪಿದ ಬಂಡೆಗಳು, ಅವುಗಳೊಡನೆ ಮನೆಗಳೂ ಕಣಿವೆಗೆ ಉರುಳುತ್ತವೆ. ಆದುದರಿಂದಲೇ ಇದಕ್ಕೆ 'ಸಾಯುತ್ತಿರುವ ಊರು' ಎಂಬ ಹೆಸರು ಬಂದಿತು.

ಸುಮಾರು 2500 ವರ್ಷಗಳ ಹಿಂದೆ ಎತ್ರುಸ್ಕರು ನೆಲೆಗೊಳಿಸಿದ ಈ ಊರು ಮಧ್ಯಯುಗದಲ್ಲಿ ಮೇತ್ರಾಣಿಗಳ ಪೀಠವಾಗಿತ್ತು. ಚೌಕದಲ್ಲಿರುವ ಸಂತ ದೊನಾತರ ದೇವಾಲಯವೇ ಅಂದಿನ ಪ್ರಧಾನಾಲಯ. 1695ರ ಭೂಕಂಪದ ತರುವಾಯ ಮೇತ್ರಾಸನವೂ ಊರಾಡಳಿತವೂ ಬಾನ್ಯೊರೆಜೊಗೆ ಸ್ಥಳಾಂತರಗೊಂಡವು. ಬಹುಪಾಲು ಜನರೂ ಕ್ರಮೇಣ ಊರು ತೊರೆದರು.

13ನೆಯ ಶತಮಾನದ ಆದಿಭಾಗದಲ್ಲಿ ಇಲ್ಲಿ ಜನಿಸಿದ ಬಾಲಕನೇ ಸಂತ ಬೊನವೆಂಚರ್. ಬಾಲ್ಯದಲ್ಲಿ ಕಠಿಣ ರೋಗದಿಂದ ತಾವು ಪಾರಾದುದು ಅಸ್ಸಿಸಿಯ ಸಂತ ಫ್ರಾನ್ಸಿಸರ ಬಿನ್ನಹದಿಂದಲೇ ಎಂದು ಅವರು ಸ್ವತಃ ಬರೆದಿದ್ದಾರೆ. 1257ರಲ್ಲಿ ಫ್ರಾನ್ಸಿಸ್ಕನ್ ಸಭೆಯ ಮಹಾಶ್ರೇಷ್ಠರಾದ ಅವರು 1273ರಲ್ಲಿ ಕಾರ್ಡಿನಲ್ ಪದವಿಗೇರಿ, 1274ರ ಜುಲೈ 15ರಂದು ಲಿಯೋನ್ ಮಹಾಸಭೆ ನಡೆಯುತ್ತಿರುವಾಗಲೇ ದೈವಾಧೀನರಾದರು. 1482ರಲ್ಲಿ ಸಂತ ಪದವಿಯೂ 1588ರಲ್ಲಿ ಧರ್ಮಸಭೆಯ ಪಂಡಿತರೆಂಬ ಗೌರವವೂ ಅವರಿಗೆ ಸಂದವು. ಅವರು ಬೆಳೆದ ಮನೆಯ ನೆಲ ಎಂದೋ ಕಣಿವೆ ಪಾಲಾಗಿದೆ. ಲಿಯೋನಿನಲ್ಲಿದ್ದ ಅವರ ಪಾರ್ಥಿವ ಶರೀರವನ್ನು 1562ರ ಮತಕಲಹದಲ್ಲಿ ಸುಡಲಾಯಿತು. ಆದರೂ ಅವರ ತೋಳಿನ ಪೂಜ್ಯಾವಶೇಷ ಬಾನ್ಯೊರೆಜೊದಲ್ಲಿ ಉಳಿದಿದೆ. ಬೊನವೆಂಚರರ ಚಿಂತನೆಯನ್ನು ಯೌವನದಲ್ಲೇ ಆಳವಾಗಿ ಅಭ್ಯಸಿಸಿದ್ದ ಜಗದ್ಗುರು 16ನೆಯ ಬೆನೆಡಿಕ್ಟರು 2009ರ ಸೆಪ್ಟೆಂಬರ್ 6ರಂದು ಅಲ್ಲಿಗೆ ಬಂದು ಅದಕ್ಕೆ ವಂದಿಸಿದರು.

ಸಂತ ದೊನಾತರ ದೇವಾಲಯದಲ್ಲಿ ಮರದ ಪುರಾತನ ಶಿಲುಬೆಮೂರ್ತಿಯೊಂದಿದೆ. ಶುಭ ಶುಕ್ರವಾರದಂದು ಅದನ್ನು ಕೆಳಗಿನ ಬಾನ್ಯೊರೆಜೊಗೆ ಕೊಂಡೊಯ್ದು ಮೆರವಣಿಗೆ ಮಾಡುವುದು ವಾಡಿಕೆ. ಮಧ್ಯರಾತ್ರಿಯೊಳಗೆ ಹಿಂದಿರುಗದಿದ್ದರೆ ಮೂರ್ತಿ ಕೆಳಗಿನವರ ಪಾಲಾಗುವುದೆಂಬ ಪ್ರತೀತಿಯುಂಟು. ಊರನ್ನು ತೊರೆದವರ ಸಂತತಿಯೂ ಅಲ್ಲಿಯೇ ಉಳಿದವರೂ ಹೀಗೆ ಒಂದೇ ಶಿಲುಬೆಯ ಸುತ್ತ ಸೇರುತ್ತಾರೆ.

ಇಂದು ಚಿವಿತಾದಲ್ಲಿ ಖಾಯಂ ಆಗಿ ವಾಸಿಸುವವರು ಬೆರಳೆಣಿಕೆಯಷ್ಟು ಮಂದಿ. ನೋಡಲು ಬರುವವರಾದರೋ ವರ್ಷಕ್ಕೆ ಲಕ್ಷಾಂತರ. 2013ರಿಂದ ಪ್ರವೇಶ ಶುಲ್ಕವನ್ನೂ ವಿಧಿಸಲಾಗಿದೆ. ಆ ಹಣ ಊರನ್ನು ಕಾಯಲು ನೆರವಾಗಬಹುದು; ಆದರೆ ನೋಡಲು ಬಂದವರು ಸಂಜೆಗೆ ಹೊರಟುಹೋಗುತ್ತಾರೆ. ಶಿಲುಬೆಯನ್ನು ಹೆಗಲ ಮೇಲೆ ಹೊತ್ತು ಮರಳಿ ಬೆಟ್ಟವೇರಲು ಊರಿನವರೇ ಬೇಕು. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ಪೂರ್ವಜರು ಕಟ್ಟಿದ ಗೋಡೆಗಳನ್ನು ದುರಸ್ತಿಗೊಳಿಸುವುದರ ಜೊತೆಗೆ, ಅವುಗಳೊಳಗೆ ಕೂಡಿ ಪ್ರಾರ್ಥಿಸುವ ಮಕ್ಕಳನ್ನು ಬೆಳೆಸುವ ಹೊಣೆಯೂ ನಮ್ಮದೇ ಆಗಿದೆ.