ಹೆಸರು ಹೇಳದ ನಗೆ: ಸಾಂಗಲಿಯ ರಂಗದಿಂದ ರೇಡಿಯೊ ತನಕ

ಸಾಂಗಲಿ ಅಂದರೆ ನಮ್ಮ ಕಡೆ ಮಂದಿಗೆ ಅರಿಷಿಣದ ಪ್ಯಾಟಿ. ಮಿರಜ ಅಂದರೆ ದವಾಖಾನಿ, ತಂಬೂರಿ. ಕಚೇರಿ ಕೆಲಸಕ್ಕೆ, ಮೈಯಾಗ ನೆಟ್ಟಗಿಲ್ಲದಾಗ ಹೋಗಿ ಬರುವ ಊರುಗಳು ಇವು. ಆದರೆ ಈ ಜೋಡಿ ಊರಿನ ಸೀಮೆಗೆ ಇನ್ನೊಂದು ಚರಿತ್ರೆಯೂ ಉಂಟು. ಅಧಿಕಾರದಲ್ಲಿದ್ದವರನ್ನು ಹೆಸರು ಹಿಡಿಯದೆ ಚುಚ್ಚುವ ಕಲೆಯ ಚರಿತ್ರೆ ಅದು. ಆ ಕಲೆಗೆ ಸರಕಾರಗಳು ಹಾಕುತ್ತ ಬಂದ ಕಟ್ಟುಪಾಡುಗಳೂ ಅದರೊಳಗೇ ಸೇರಿವೆ. ಪ್ರತಿ ಇಲೆಕ್ಷನ್ ಬಂದಾಗ "ರೇಡಿಯೊದಾಗ ಇದನ್ನ ಯಾಕ ಹೇಳಬಾರದು, ಟೀವಿಯಾಗ ಅದನ್ನ ಯಾಕ ತೋರಿಸಬಾರದು" ಅಂತ ಕಟ್ಟಿಯ ಮೇಲೆ ವಾದ ನಡೆಯುತ್ತದೆ. ಆ ವಾದದ ಬೇರು ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನು ಇಲ್ಲಿ ಬರೆಯಹೊರಟಿದ್ದೇನೆ.

1843ರಲ್ಲಿ ಸಾಂಗಲಿಯ ದೊರೆ ಚಿಂತಾಮಣರಾವ ಪಟವರ್ಧನರ ಆಶ್ರಯದಲ್ಲಿ ವಿಷ್ಣುದಾಸ ಭಾವೆಯವರು 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಅಲ್ಲಿಂದ. ಇಂದಿಗೂ ನವೆಂಬರ್ 5 ಮರಾಠಿ ರಂಗಭೂಮಿ ದಿನ. ಆದರೆ ಅದಕ್ಕೆ ಕಿಡಿ ಹಚ್ಚಿದ್ದು ಕರ್ನಾಟಕದಿಂದ ಸಾಂಗಲಿಗೆ ಬಂದ ಭಾಗವತ ಮೇಳದ ಆಟ. ಅದನ್ನು ನೋಡಿದ ದೊರೆ ಮರಾಠಿಯಲ್ಲೂ ಇಂಥದ್ದು ಆಗಬೇಕು ಅಂತ ಭಾವೆಯವರಿಗೆ ಹೇಳಿದರು. ಆಗ ತೇರದಾಳ, ಶಿರಹಟ್ಟಿ, ಶಹಾಪುರ ಎಲ್ಲ ಸಾಂಗಲಿ ಸಂಸ್ಥಾನಕ್ಕೇ ಸೇರಿದ್ದವು. ದೊರೆಯ ಪ್ರಜೆಗಳಲ್ಲಿ ಕನ್ನಡ ಮಂದಿ ಬಹಳ ಇದ್ದರು.

ಇಂಥ ಆಟಗಳಲ್ಲಿ ನಗಿಸುವವನಿಗೆ ಒಂದು ಸಲುಗೆ ಇರುತ್ತದೆ. ನಮ್ಮ ದೊಡ್ಡಾಟದ ಸಾರಥಿಯನ್ನೇ ನೋಡಿರಿ. ಮಾತಾಡುವುದು ದ್ವಾಪರದ ರಾಜನ ಜೋಡಿ, ಮಾತು ಹೋಗಿ ನಾಟುವುದು ಮುಂದಿನ ಸಾಲಿನಲ್ಲಿ ಕೂತ ಊರ ಹಿರಿಯನಿಗೆ. ಯಾರ ಹೆಸರೂ ಬರುವುದಿಲ್ಲ. ಎಲ್ಲರೂ ನಗುತ್ತಾರೆ, ಹಿರಿಯನೂ ನಗಬೇಕಾಗುತ್ತದೆ.

ಈ ಸಲುಗೆಗೆ ಕಾನೂನಿನ ಕತ್ತರಿ ಬಿದ್ದದ್ದು 1876ರಲ್ಲಿ. ಅದು ಶುರುವಾದದ್ದು ದೂರದ ಕಲಕತ್ತೆಯಲ್ಲಿ. ಆಗ ಭಾರತಕ್ಕೆ ಬಂದಿದ್ದ ವೇಲ್ಸ್ ರಾಜಕುಮಾರನನ್ನು ಜಗದಾನಂದ ಮುಖರ್ಜಿ ಎಂಬ ವಕೀಲರು ತಮ್ಮ ಮನೆಯ ಹೆಣ್ಣುಮಕ್ಕಳ ಒಳಮನೆಗೇ ಕರೆದೊಯ್ದು ಸತ್ಕಾರ ಮಾಡಿದರು. ಊರೆಲ್ಲ ಆಡಿಕೊಂಡಿತು. ಗ್ರೇಟ್ ನ್ಯಾಷನಲ್ ಥಿಯೇಟರ್ ಅದರ ಮೇಲೆ ಒಂದು ಪ್ರಹಸನ ಆಡಿತು. ಜಗದಾನಂದನನ್ನು 'ಗಜದಾನಂದ' ಮಾಡಿತು, ಅಷ್ಟೆ! ಪೊಲೀಸರು ನಿಲ್ಲಿಸಿದರೆ 'ಹನುಮಾನ ಚರಿತ್ರ' ಎಂಬ ಬೇರೆ ಹೆಸರಿಟ್ಟು ಮತ್ತೆ ಆಡಿತು. ಕಡೆಗೆ ಪೊಲೀಸರ ಮೇಲೇ ಹಂದಿ ಮತ್ತು ಕುರಿಯ ಹೆಸರಿನ ಪ್ರಹಸನ ಬಂತು, ಯಾಕೆಂದರೆ ಅಲ್ಲಿನ ಪೊಲೀಸ್ ಕಮಿಷನರ್ ಹಾಗ್, ಸುಪರಿಂಟೆಂಡೆಂಟ್ ಲ್ಯಾಂಬ್. ಇಂಗ್ಲಿಷಿನಲ್ಲಿ ಆ ಹೆಸರುಗಳ ಅರ್ಥ ಹಂದಿ, ಕುರಿಮರಿ. ಸರಕಾರ ಮೊದಲು ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ನಾಟಕ ಪ್ರದರ್ಶನ ಕಾಯ್ದೆ ಮಾಡಿತು. ನಾಟಕ ರಾಜದ್ರೋಹಕ್ಕೆ ಎಡೆಮಾಡುತ್ತದೆ ಅಥವಾ ಯಾರದೋ ಮಾನಹಾನಿ ಮಾಡುತ್ತದೆ ಅಂತ ಸರಕಾರಕ್ಕೆ ಅನಿಸಿದರೆ ಸಾಕು, ಅದನ್ನು ನಿಷೇಧಿಸಬಹುದಿತ್ತು.

ಆ ಕತ್ತರಿ ಸಾಂಗಲಿಯ ಮಗನೊಬ್ಬನ ಮೇಲೂ ಬಿತ್ತು. 1872ರಲ್ಲಿ ಸಾಂಗಲಿಯಲ್ಲಿ ಹುಟ್ಟಿದ ಕೃಷ್ಣಾಜಿ ಪ್ರಭಾಕರ ಖಾಡಿಲಕರರು ತಿಲಕರ 'ಕೇಸರಿ'ಯಲ್ಲಿ ದುಡಿದವರು. 1907ರಲ್ಲಿ ಅವರ 'ಕೀಚಕವಧ' ರಂಗಕ್ಕೆ ಬಂತು. ಕಥೆ ವಿರಾಟಪರ್ವದ್ದು, ನಮ್ಮೂರ ಹುಡುಗರಿಗೂ ಗೊತ್ತಿದ್ದದ್ದು. ಆದರೆ ಆ ಕಾಲ ಎಂಥದ್ದು ಎಂದು ನೆನೆಯಬೇಕು. ವೈಸರಾಯ್ ಕರ್ಜನ್ 1905ರಲ್ಲಿ ಬಂಗಾಲವನ್ನು ಒಡೆದು ಹೋಗಿದ್ದ. ನಾಟಕದ ಕೀಚಕನಲ್ಲಿ ಜನ ಕರ್ಜನ್ನನನ್ನು ಕಂಡರು, ದ್ರೌಪದಿಯಲ್ಲಿ ಭಾರತವನ್ನು, ತಾಳಿಕೋ ಎನ್ನುವ ಧರ್ಮರಾಯನಲ್ಲಿ ಮಂದಗಾಮಿಗಳನ್ನು, ಭೀಮನಲ್ಲಿ ತೀವ್ರಗಾಮಿಗಳನ್ನು. ನಾಟಕದಲ್ಲಿ ಕರ್ಜನ್ನನ ಹೆಸರು ಎಲ್ಲೂ ಇಲ್ಲ, ಆದರೂ ಥಿಯೇಟರಿನಲ್ಲಿ ಕೂತ ಪ್ರತಿಯೊಬ್ಬನಿಗೂ ಗೊತ್ತು ಎಂದು ಲಂಡನ್ನಿನ 'ಟೈಮ್ಸ್' ಪತ್ರಿಕೆಯೇ ಬರೆಯಿತು. 1910ರಲ್ಲಿ ಮುಂಬಯಿ ಸರಕಾರ ನಾಟಕವನ್ನು ನಿಷೇಧಿಸಿತು. ನಿಷೇಧ ಸಡಿಲಾಗಲು ಹದಿನೈದು ವರ್ಷದ ಮೇಲೆ ಹಿಡಿಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಕೀಚಕ ಅಂದರೆ ಕರ್ಜನ್ ಎಂದು ಖಾಡಿಲಕರರು ಬರೆಯಲಿಲ್ಲ. ಹಾಗೆಂದು ಓದಿದ್ದು ಪ್ರೇಕ್ಷಕ. ಅದನ್ನೇ ಒಪ್ಪಿಕೊಂಡು ನಿಷೇಧದ ಸಹಿ ಹಾಕಿದ್ದು ಸರಕಾರ. "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎಂಬ ಗಾದೆ ಇದಕ್ಕೇ ಹೇಳಿ ಮಾಡಿಸಿದಂತಿದೆ.

ಇನ್ನು ರೇಡಿಯೊಕ್ಕೆ ಬರೋಣ. ಸಾಂಗಲಿಯಲ್ಲಿ ಆಕಾಶವಾಣಿ ಶುರುವಾದದ್ದು 1963ರಲ್ಲಿ, ಧಾರವಾಡದ್ದು ಅದಕ್ಕೂ ಮೊದಲು, 1950ರಲ್ಲಿ. ರೇಡಿಯೊ ಸರಕಾರದ ಕೈಯಲ್ಲೇ ಇತ್ತು. ಆದ್ದರಿಂದ ರಾಜಕೀಯದ ನಗೆಗೆ ಅಲ್ಲಿ ಜಾಗ ಕಡಿಮೆ. ರಂಗದ ಮೇಲಿನ ನಟನನ್ನು ಪೊಲೀಸರು ಬಂದು ನಿಲ್ಲಿಸಬೇಕಾಗುತ್ತಿತ್ತು. ರೇಡಿಯೊದಲ್ಲಿ ಆ ತಂಟೆಯೇ ಇಲ್ಲ, ಮಾತು ಸ್ಟುಡಿಯೊದಿಂದ ಹೊರಗೇ ಬರುವುದಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಂತೂ, 1976ರಲ್ಲಿ, ಸರಕಾರದ ಕಾರ್ಯಕ್ರಮಕ್ಕೆ ಹಾಡಲು ಒಪ್ಪದ ಕಿಶೋರಕುಮಾರರ ಹಾಡುಗಳನ್ನೇ ಆಕಾಶವಾಣಿ ನಿಲ್ಲಿಸಿತು. ಅಧಿಕಾರವನ್ನು ಗೇಲಿ ಮಾಡಿದ 'ಕಿಸ್ಸಾ ಕುರ್ಸಿ ಕಾ' ಎಂಬ ಸಿನಿಮಾದ ಪ್ರತಿಗಳನ್ನು ಸುಟ್ಟೇ ಹಾಕಿದರು. 1977ರ ಲೋಕಸಭಾ ಚುನಾವಣೆಯಲ್ಲಿ ಮೊದಲ ಸಲ ವಿರೋಧ ಪಕ್ಷಗಳಿಗೂ ರೇಡಿಯೊದಲ್ಲಿ ಮಾತಾಡುವ ಅವಕಾಶ ಸಿಕ್ಕಿತು.

ಈಗಿನ ವ್ಯವಸ್ಥೆ ಬಂದದ್ದು 1998ರಲ್ಲಿ. ಚುನಾವಣಾ ಆಯೋಗ ಪಕ್ಷಗಳಿಗೆ ಆಕಾಶವಾಣಿ, ದೂರದರ್ಶನದಲ್ಲಿ ಪುಕ್ಕಟೆ ವೇಳೆ ಹಂಚುತ್ತದೆ. ಎಲ್ಲರಿಗೂ ಸಮನಾಗಿ ಒಂದಷ್ಟು ನಿಮಿಷ, ಹಿಂದಿನ ಚುನಾವಣೆಯ ಮತಗಳ ಮೇಲೆ ಇನ್ನಷ್ಟು. ಆದರೆ ಭಾಷಣವನ್ನು ಮೊದಲೇ ಬರೆದು ಕೊಡಬೇಕು. ಅದರಲ್ಲಿ ಬೇರೆ ದೇಶಗಳ ಟೀಕೆ, ಧರ್ಮ-ಸಮುದಾಯಗಳ ಮೇಲೆ ದಾಳಿ, ಅಶ್ಲೀಲ ಅಥವಾ ಮಾನಹಾನಿಯ ಮಾತು, ಹಿಂಸೆಗೆ ಪ್ರಚೋದನೆ, ನ್ಯಾಯಾಲಯ ನಿಂದನೆ ಇರಬಾರದು. ಯಾವ ವ್ಯಕ್ತಿಯನ್ನೂ ಹೆಸರು ಹಿಡಿದು ಟೀಕಿಸಬಾರದು. ಖಾಸಗಿ ಟೀವಿಯ ರಾಜಕೀಯ ಜಾಹೀರಾತಿಗೆ ಬೇರೆ ನಿಯಮ. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದ ಪ್ರಕಾರ ಅಂಥ ಜಾಹೀರಾತನ್ನು ಒಂದು ಸಮಿತಿ ಮೊದಲೇ ನೋಡಿ ಒಪ್ಪಬೇಕು. ಇಂಥ ಸಮಿತಿ ಈಗ ಜಿಲ್ಲೆ ಜಿಲ್ಲೆಯಲ್ಲೂ ಕೂಡುತ್ತದೆ. ಇದಲ್ಲದೆ 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 126ನೇ ಕಲಂ ಇದೆ. ಮತದಾನ ಮುಗಿಯುವ ಮುಂಚಿನ 48 ತಾಸು ಟೀವಿ, ಸಿನಿಮಾದಲ್ಲಿ ಚುನಾವಣೆಯ ವಿಷಯ ತೋರಿಸುವಂತಿಲ್ಲ. ಜನರನ್ನು ಸೇರಿಸಲು ಸಂಗೀತ ಕಚೇರಿ, ನಾಟಕ, ಮನರಂಜನೆ ಇಟ್ಟು ಅದರ ಮೂಲಕ ಪ್ರಚಾರ ಮಾಡುವಂತೆಯೂ ಇಲ್ಲ. ಜಾತ್ರೆಯ ಆಟ ಮತದಾನದ ಹೊತ್ತಿಗೇ ಬಂದರೆ ನಮ್ಮ ಆಟದವರು ಈ ಕಲಮನ್ನು ತಿಳಿದಿರಬೇಕು.

ಮೇಲಿನ ಪಟ್ಟಿಯಲ್ಲಿ 'ವಿಡಂಬನೆ' ಎಂಬ ಶಬ್ದವೇ ಇಲ್ಲ ನೋಡಿರಿ. ಹೆಸರು ಹಿಡಿಯಬಾರದು ಅಂತ ಮಾತ್ರ ಇದೆ. ಹಾಗಾದರೆ ಹೆಸರು ಹಿಡಿಯದೆ ಹೇಳಿದರೆ?

ಎರಡು ಸಂಗತಿ ಹೇಳುತ್ತೇನೆ. 2017ರಲ್ಲಿ ಗುಜರಾತ ವಿಧಾನಸಭಾ ಚುನಾವಣೆಗೆ ಭಾಜಪ ಮಾಡಿದ ಒಂದು ಟೀವಿ ಜಾಹೀರಾತಿನಲ್ಲಿ 'ಪಪ್ಪು' ಎಂಬ ಶಬ್ದ ಇತ್ತು. ಅದು ಯಾರನ್ನು ಉದ್ದೇಶಿಸಿದ್ದು ಎಂದು ದೇಶಕ್ಕೆಲ್ಲ ಗೊತ್ತು. ಅಲ್ಲಿನ ಮಾಧ್ಯಮ ಸಮಿತಿ ಅದು ಅವಹೇಳನದ ಶಬ್ದ, ತೆಗೆಯಿರಿ ಅಂದಿತು. ಪಕ್ಷ ಅದರ ಜಾಗದಲ್ಲಿ 'ಯುವರಾಜ' ಅಂತ ಹಾಕಿತು, ಒಪ್ಪಿಗೆ ಸಿಕ್ಕಿತು. ಅದು ಕೂಡ ಅದೇ ಮನುಷ್ಯನಿಗೇ ನಾಟುತ್ತದೆ ಎಂದು ಕೇಳಿದವರಿಗೆ ತಿಳಿಯದ ಮಾತೇನಲ್ಲ!

ಇನ್ನೊಂದು 2024ರದ್ದು. ಸಿಪಿಎಂ ನಾಯಕ ಸೀತಾರಾಮ ಯೆಚೂರಿಯವರ ಚುನಾವಣಾ ಭಾಷಣದಿಂದ ದೂರದರ್ಶನ, ಆಕಾಶವಾಣಿಯವರು ಕೆಲವು ಶಬ್ದ ತೆಗೆಸಿದರು. 'ಕೋಮುವಾದಿ ಸರ್ವಾಧಿಕಾರಿ ಆಡಳಿತ' ಎಂಬ ಅರ್ಥದ ಮಾತು ಹೋಯಿತು. ಆಡಳಿತದ 'ದಿವಾಳಿತನ' ಎಂಬುದು 'ವೈಫಲ್ಯ' ಆಯಿತು. ಆಯೋಗದ ನಿಯಮದಂತೆ ನಡೆದಿದ್ದೇವೆ ಅಂತ ಪ್ರಸಾರ ಭಾರತಿ ಹೇಳಿತು. ಆದರೆ ಇಂಗ್ಲಿಷ್ ಭಾಷಣಕ್ಕೆ ಆಕ್ಷೇಪ ಎತ್ತಿದವರು ಅದರದೇ ಹಿಂದಿ ಅನುವಾದದಲ್ಲಿ ಯಾವ ತಪ್ಪನ್ನೂ ಕಾಣಲಿಲ್ಲ ಎಂದು ಯೆಚೂರಿಯವರು ಬಯಲಿಗೆ ತಂದರು. ಎರಡು ಭಾಷೆಯಲ್ಲಿ ಬದುಕುವ ನಮ್ಮಂಥ ಗಡಿ ಮಂದಿ ಇದನ್ನು ಲಕ್ಷ್ಯಗೊಟ್ಟು ಕೇಳಬೇಕು. ಮಾತು ಒಂದೇ ಇದ್ದರೂ ಓದುವ ಭಾಷೆ ಬದಲಾದರೆ ತೀರ್ಪು ಬದಲಾಗುತ್ತದೆ. ನಾಳೆ ಜತ್ತ ತಾಲೂಕಿನ ಅಭ್ಯರ್ಥಿಯೊಬ್ಬ ಕನ್ನಡದಲ್ಲಿ ಜಾಹೀರಾತು ಬರೆದು ಸಾಂಗಲಿಗೆ ಕೊಟ್ಟರೆ, ಅದರೊಳಗಿನ ಗಾದೆಯ ಕುಟುಕನ್ನು ಅಳೆಯುವವರಿಗೆ ಕನ್ನಡ ಬರಬೇಕಲ್ಲ.

ಹಾಗಾದರೆ ಕಟ್ಟುಪಾಡೇ ಬೇಡವೇ? ಬ್ರೆಜಿಲ್ ದೇಶದಲ್ಲಿ ಚುನಾವಣೆಯ ಕಾಲಕ್ಕೆ ರೇಡಿಯೊ-ಟೀವಿಯಲ್ಲಿ ಅಭ್ಯರ್ಥಿಗಳನ್ನು ನಗೆಪಾಟಲು ಮಾಡಬಾರದು ಎಂದು 1997ರ ಕಾನೂನಿನಲ್ಲೇ ಇತ್ತು. 2010ರಲ್ಲಿ ಹಾಸ್ಯಗಾರರು ಬೀದಿಗಿಳಿದರು, ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು, 2018ರಲ್ಲಿ ರದ್ದೇ ಮಾಡಿತು. ನಮ್ಮ 1876ರ ಕಾಯ್ದೆಯನ್ನು ಸಂಸತ್ತು ರದ್ದು ಮಾಡಿದ್ದು 2017ರ ಕೊನೆಗೆ. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಅದು ಪುಸ್ತಕದಲ್ಲೇ ಉಳಿದಿತ್ತು.

ನನ್ನ ಅಭಿಪ್ರಾಯ ಹೀಗಿದೆ. ಕಟ್ಟಿಯ ಮೇಲಿನ ನಗೆಗೂ ಟೀವಿಯ ನಗೆಗೂ ಫರಕು ಉಂಟು. ಕಟ್ಟಿಯ ಮೇಲೆ ಒಬ್ಬ ಚುಚ್ಚಿದರೆ ಇನ್ನೊಬ್ಬ ಅಲ್ಲೇ ತಿರುಗಿ ಚುಚ್ಚುತ್ತಾನೆ. ಟೀವಿಯ ನಗೆ ರೊಕ್ಕ ಕೊಟ್ಟು ಕೊಳ್ಳುವಂಥದ್ದು. ರೊಕ್ಕ ಇದ್ದವನು ದಿನಕ್ಕೆ ನೂರು ಸಲ ನಗಬಹುದು, ಬಡ ಅಭ್ಯರ್ಥಿಗೆ ಒಂದು ಸಲವೂ ಆಗದು. ಅದಕ್ಕೇ ಜಾಹೀರಾತಿಗೆ, ಕಡೆಯ 48 ತಾಸಿಗೆ ನಿಯಮ ಬೇಕು ಅಂತ ಒಪ್ಪುತ್ತೇನೆ. ಆದರೆ ನಿಯಮ ನೋಡಬೇಕಾದ್ದು ಯಾರ ರೊಕ್ಕ, ಯಾವ ಸುಳ್ಳು, ಯಾರ ಮೇಲೆ ದ್ವೇಷ ಎಂಬುದನ್ನು. ಕೀಚಕ ಯಾರು ಎಂದು ಊಹಿಸುವ ಕೆಲಸ ಕಚೇರಿಯದಲ್ಲ. ಒಂದು ಶಬ್ದ ತೆಗೆಸಿದರೆ ಯಾಕೆ ತೆಗೆಸಿದೆವು ಅಂತ ಬರೆದು ಕೊಡಬೇಕು, ಅದನ್ನು ಮತದಾರನೂ ಓದುವಂತಿರಬೇಕು. 1910ರಲ್ಲಿ ಸರಕಾರಕ್ಕೆ ಅನಿಸಿದ್ದೇ ಕಾರಣವಾಗಿ ಸಾಕಿತ್ತು. ಮತ ಹಾಕುವ ಪ್ರಜೆಗೆ ಅಷ್ಟು ಸಾಲದು.

ಶಾಲೆಯ ಗುರುಗಳಿಗೆ ಒಂದು ವಿನಂತಿ. ವಿರಾಟಪರ್ವದ ಪಾಠ ಮಾಡುವಾಗ ಸಾಂಗಲಿಯ ಖಾಡಿಲಕರರ ಕಥೆಯನ್ನೂ ಮಕ್ಕಳಿಗೆ ಹೇಳಿರಿ. ಕೀಚಕ ಯಾರಂತ ಅವರೇ ಕೇಳತಾರ. ಉತ್ತರ ನೀವು ಹೇಳಬೇಡಿರಿ, ಅವರೇ ಹುಡುಕಲಿ.